ಇಲ್ಲದ ಮೆಷಿನ್ನಿನ ಜೊತೆ ಸಂಸಾರ

ಕ್ವಿಂಟ… ಅಲ್ಲ, ಅದು ಅಕ್ಕಿ ತೂಗುವ ಲೆಕ್ಕ. ಕ್ವಾಂಟ… ಹಾಂ, ಕ್ವಾಂಟಮ್ ಕಂಪ್ಯೂಟರ್! ದೋಹಾದ ಕಾಲೇಜಿನಲ್ಲಿ ನನ್ನ ಮೊಮ್ಮಗಳು ಕಲಿಯುವುದು ಅದನ್ನು. ದೋಹಾದ ಪಕ್ಕದ ಮುಐದರಿನಲ್ಲಿರುವ ನಮ್ಮ ಮನೆಗೆ ಈ ವಿದ್ಯೆ ಕಾಲಿಟ್ಟ ಮೇಲೆ ನಗುವುದಕ್ಕೆಂದು ಟಿವಿ ಹಾಕಬೇಕಾಗಿಲ್ಲ.

೧. ನೋಡಲು ಬಂದವಳು

ಪಕ್ಕದ ಮನೆಯ ಬ್ಯಾರಿ ಹೆಂಗಸು ಖರ್ಜೂರದ ತಟ್ಟೆ ಹಿಡಿದು ಬಂದಳು. "ಅಕ್ಕಾ, ನಿಮ್ಮ ಪುಳ್ಳಿ ಎಂತದೋ ದೊಡ್ಡ ಮೆಷಿನ್ ನಡೆಸ್ತಾಳಂತೆ. ಎಲ್ಲುಂಟು?"

ಮೊಮ್ಮಗಳು ಲ್ಯಾಪ್‌ಟಾಪ್ ತೋರಿಸಿದಳು. "ಮೆಷಿನ್ ಇಲ್ಲ ಆಂಟಿ. ಇದ್ದಿದ್ದರೆ ಏನು ಉತ್ತರ ಕೊಡ್ತಿತ್ತು ಅಂತ ಇದರಲ್ಲಿ ಲೆಕ್ಕ ಹಾಕಿ ನೋಡೋದು. ಸಿಮ್ಯುಲೇಶನ್."

"ಕೆಲಸ ಮಾಡುವ ಹಾಗೆ ತೋರಿಸುವುದು ಮಾತ್ರವಾ? ಹಾಗಾದ್ರೆ ನಮ್ಮ ಮನೆಯವರದ್ದೂ ಅದೇ ಮಾರಾಯ್ತಿ. ಶುಕ್ರವಾರ ರಜೆ ಅಂತ ಅಡುಗೆಮನೆಗೆ ಬಂದರೆ ಬರೀ ಸಿಮ್ಯುಲೇಶನ್!"

೨. ಹೊರಟೆ, ಹೊರಟೆ

ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ಮೊಮ್ಮಗಳು ಎದುರು ಕೂತು, "ಅಜ್ಜಿ, ಸಾದಾ ಕಂಪ್ಯೂಟರಲ್ಲಿ ಸೊನ್ನೆ, ಇಲ್ಲಾಂದ್ರೆ ಒಂದು. ಇದರಲ್ಲಿ ನೋಡುವವರೆಗೆ ಎರಡೂ ಸೇರಿ ಇರ್ತದೆ. ನೋಡಿದ ಕೂಡಲೇ ಯಾವುದೋ ಒಂದಾಗ್ತದೆ" ಎಂದಳು. ಅವಳ ಕನ್ನಡ ಅಲ್ಲಲ್ಲಿ ಮುಗ್ಗರಿಸುತ್ತದೆ, ತಾಳ್ಮೆ ಮಾತ್ರ ಎಲ್ಲೂ ಮುಗ್ಗರಿಸುವುದಿಲ್ಲ. ಇಂಥ ಸೂಕ್ಷ್ಮವನ್ನು ನನ್ನಂಥವಳ ತಲೆಗೂ ಹೋಗುವಂತೆ ಹೇಳಿದಳಲ್ಲ!

ಅಷ್ಟರಲ್ಲಿ ಲುಸೈಲ್‌ನ ಆಫೀಸಿಗೆ ಹೋಗಿದ್ದ ನನ್ನ ಮಗನ ಫೋನು. "ಹೊರಟೆ, ಹೊರಟೆ."

"ಕಾರಿನ ಶಬ್ದವೇ ಕೇಳ್ತಾ ಇಲ್ಲವಲ್ಲ?" ಸೊಸೆ ಗದರಿದಳು.

ನಾನೆಂದೆ, "ಬಿಡು. ಬಾಗಿಲಲ್ಲಿ ನೋಡುವವರೆಗೆ ಅವನು ಹೊರಟೂ ಇದ್ದಾನೆ, ಆಫೀಸಿನಲ್ಲಿ ಕೂತೂ ಇದ್ದಾನೆ."

ಮೊಮ್ಮಗಳು ಚಪ್ಪಾಳೆ ತಟ್ಟಿದಳು. "ಅಜ್ಜಿ ಪಾಸ್!"

೩. ಬರೀ ಸೊನ್ನೆ

ಅವಳ ವಿದ್ಯೆಯಲ್ಲಿ ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಬೇರೆಯವರು ಬರೆದಿಟ್ಟ ಪ್ರೋಗ್ರಾಮುಗಳ ಗಂಟು. ಅದನ್ನು ಬಳಸಿ ಅವಳೊಂದು ಆಟದಂಥ ಪ್ರೋಗ್ರಾಮ್ ಮಾಡಿದ್ದಳು. ಎಚ್ ಕೀ ಒತ್ತಿದರೆ ಎಚ್ ಎಂಬ ಗೇಟು, ಅಂದರೆ ಸೊನ್ನೆಯನ್ನು ಆ ಎರಡೂ ಸೇರಿದ ಸ್ಥಿತಿಗೆ ತರುವ ಒಂದು ಹೆಜ್ಜೆ, ಲೆಕ್ಕದ ಸರ್ಕ್ಯೂಟಿಗೆ ಸೇರುತ್ತದೆ. ಆಮೇಲೆ ಓಡಿಸುತ್ತಾ ಹೋದರೆ ಸುಮಾರು ಅರ್ಧ ಸಲ ಸೊನ್ನೆ, ಅರ್ಧ ಸಲ ಒಂದು ಬರಬೇಕು. ಮರುದಿನ ಅದನ್ನು ಪ್ರೊಫೆಸರಿಗೆ ತೋರಿಸಬೇಕು. ತಪ್ಪಾದರೆ ಪ್ರಾಜೆಕ್ಟಿಗೆಂದು ಇಷ್ಟಪಟ್ಟು ಹಿಡಿದ ವಿಷಯವನ್ನೇ ಬಿಡಬೇಕು.

ಅವತ್ತು ಬಂದದ್ದು ಬರೀ ಸೊನ್ನೆ. ಎಷ್ಟು ಸಲ ಓಡಿಸಿದರೂ ಸೊನ್ನೆ. ಹುಡುಗಿಯ ಕಣ್ಣಲ್ಲಿ ನೀರು. ಆದರೂ ಎದ್ದು ಹೋಗಲಿಲ್ಲ. ಬರೆದದ್ದನ್ನು ಸಾಲು ಸಾಲಾಗಿ ಓದಿದಳು, ತಪ್ಪು ಸಿಗಲಿಲ್ಲ. ಕೊನೆಗೆ ಸರ್ಕ್ಯೂಟಿನ ಚಿತ್ರವನ್ನೇ ತೆರೆಯ ಮೇಲೆ ತರಿಸಿ ನೋಡಿದಳು.

"ಅಜ್ಜಿ! ಒಂದು ಸಲ ಒತ್ತಿದ್ರೆ ಎರಡು ಎಚ್ ಬೀಳ್ತಾ ಉಂಟು! ಎರಡು ಬಿದ್ರೆ ಒಂದನ್ನೊಂದು ಅಳಿಸಿ ಮೊದಲಿನ ಸೊನ್ನೆಯೇ ಉಳಿಯೋದು. ಪ್ರೋಗ್ರಾಮ್ ಸರಿ ಉಂಟು, ಕೀ ಸರಿ ಇಲ್ಲ!"

ಕೀ ಕಿತ್ತು ನೋಡಿದರೆ ಅಡಿಯಲ್ಲಿ ಒಣಗಿ ಅಂಟಿದ ಗಂಧ, ಒಂದು ಒತ್ತಿಗೆ ಎರಡು ಸಲ ತಾಗುತ್ತಿತ್ತು! ಅವತ್ತು ಬೆಳಿಗ್ಗೆ ಆಯುಧ ಪೂಜೆ. ನನ್ನ ಮಗ ಕಾರಿಗೆ, ಮಿಕ್ಸಿಗೆ ಹಚ್ಚಿ, ಉಳಿದ ಗಂಧವನ್ನು ಲ್ಯಾಪ್‌ಟಾಪಿಗೂ ಹಚ್ಚಿದ್ದ.

"ಎಚ್ ಮೇಲೆ ಯಾಕೆ ಪಪ್ಪಾ?"

"ಇದರ ಹಣೆ ಎಲ್ಲಿ ಅಂತ ಗೊತ್ತಾಗ್ಲಿಲ್ಲ ಮಗಾ. ನಡುವಿಗೆ ಹಚ್ಚಿದೆ."

ಮರುದಿನ ಅವಳು ಪ್ರೊಫೆಸರಿಗೆ ಎಲ್ಲವನ್ನೂ ಹೇಳಿಯೇಬಿಟ್ಟಳಂತೆ. ಅವರು ಹೊಟ್ಟೆ ಹಿಡಿದು ನಕ್ಕು, "ತಪ್ಪಿನ ಬುಡ ಹುಡುಕಿದೆಯಲ್ಲ, ಈ ವಿಷಯ ನಿನ್ನದೇ. ಇದನ್ನೂ ರಿಪೋರ್ಟಿನಲ್ಲಿ ಬರಿ" ಎಂದರಂತೆ. ನನಗೆ ಎದೆ ತುಂಬಿ ಬಂತು.

ಸಂಜೆ ಬರೆಯಲು ಕೂತವಳು ತಲೆಯೆತ್ತಿ ಕೇಳಿದಳು, "ಅಜ್ಜಿ, ತಪ್ಪಿಗೆ ಕಾರಣ ಯಾರು ಅಂತ ಹಾಕ್ಲಿ? ದೇವರಾ?"

"ಛೆ ಛೆ, ದೇವರನ್ನು ಎಳೀಬೇಡ" ಎಂದೆ. "ನಿನ್ನ ಅಪ್ಪನ ಹೆಸರು ಬರಿ."