ಅತ್ತೆ ಪೊರಕೆ ಕೆಳಗಿಟ್ಟ ದಿನ

"ನಮ್ಮಕ್ಕ ಇರೋ ತನಕ ಈ ಊರ ಸ್ಕೂಲಿಗೆ ಹೊಸ ಕಟ್ಟಡ ಬರಲ್ಲ" ಎಂದು ಕೊಡ್ಲಿಪೇಟೆ ಸಂತೆಯಲ್ಲಿ ನಿಂತು ಸಾರಿದವನು ಬೇರೆ ಯಾರೂ ಅಲ್ಲ, ನಮ್ಮಪ್ಪ. ಆ ಅಕ್ಕ ಎಂದರೆ ನನ್ನ ಸೋದರತ್ತೆ. ಶಾಲೆಗೆ ಅವಳಷ್ಟು ಬೇಕಾದವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಅತ್ತೆಗೊಂದು ಕಾಯಿಲೆ. ಬಂದವರ ಕಣ್ಣಿಗೆ ಯಾವುದೂ ಕೆಟ್ಟದಾಗಿ ಕಾಣಬಾರದು. ಬಸ್ಸಿನ ಸೀಟು ಒರೆಸಿ ಕೂರುವವರನ್ನು ನೀವು ನೋಡಿರಬಹುದು. ಇಳಿಯುವಾಗಲೂ ಒರೆಸಿ ಇಳಿಯುವವರನ್ನು ನೋಡಿದ್ದೀರಾ? ಒಮ್ಮೆ ಅವಳಿಗೆ ಚಳಿಜ್ವರ ಬಂದು ಅಪ್ಪ ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಬೈಕಿನ ಸದ್ದು ಕೇಳಿದ್ದೇ ತಡ, ಅತ್ತೆ ಎದ್ದು ಮನೆ ಗುಡಿಸಿ, ಮುಖ ತೊಳೆದು, ವಿಭೂತಿ ಹಚ್ಚಿ, ಕಾಫಿಗೆ ಇಟ್ಟಿದ್ದಳು. ಡಾಕ್ಟರು ಕಾಫಿ ಕುಡಿದು ಕೇಳಿದರು, "ಪೇಷೆಂಟ್ ಎಲ್ಲಮ್ಮ?"

"ನಾನೇ ಕಣಪ್ಪ. ಇನ್ನೊಂದು ಲೋಟ ಹಾಕ್ಲಾ?"

ಡಾಕ್ಟರು ಅಪ್ಪನ ಮುಖ ನೋಡಿದರು. ಅಪ್ಪ ಹಂಚು ನೋಡಿದ.

ಇಂಥವಳನ್ನು ಶಾಲಾ ಸಮಿತಿಗೆ ಅಧ್ಯಕ್ಷೆ ಮಾಡಿದರೆ ಏನಾಗಬೇಡ? ನಮ್ಮದು ಏಳನೇ ಕ್ಲಾಸಿನವರೆಗಿನ ಸರ್ಕಾರಿ ಶಾಲೆ. ಹಿಂಬದಿಯ ಎರಡು ಕೋಣೆಗಳ ಗೋಡೆ ಮಳೆಗೆ ಬಿರಿದಿತ್ತು, ಹಂಚು ಜಾರಿತ್ತು. ಆ ಕೋಣೆಗಳು ಸರಿಯಾಗದೆ ಎಂಟನೇ ಕ್ಲಾಸು ಕೊಡುವುದಿಲ್ಲ ಎಂದು ಇಲಾಖೆ ಹೇಳಿತ್ತು. ನಾನಾಗ ಐದನೇ ಕ್ಲಾಸು. "ಏಳು ಮುಗೀಲಿ, ಸಾಕು. ಎಂಟಕ್ಕೆ ಅಂತ ಪೇಟೆಗೆ ಹೋಗಿ, ಆ ಬಸ್ಸಿಗೆ ಕಾದು, ಹೆಣ್ಣುಮಗು ಕತ್ತಲಾದ ಮೇಲೆ ಮನೆಗೆ ಬರೋದು ಬ್ಯಾಡ" ಎಂದು ಅಪ್ಪ ಆಗಲೇ ತೀರ್ಮಾನ ಕೊಟ್ಟಿದ್ದ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಏಳು ದಾಟಿದವರೂ ಇರಲಿಲ್ಲ. ಆ ಕೋಣೆಗಳೆದ್ದರೆ ನನ್ನ ಓದು, ಇಲ್ಲದಿದ್ದರೆ ಇಲ್ಲ.

ಕಟ್ಟಡ ನೋಡಲು ಇಂಜಿನಿಯರು ಬರುತ್ತಾರೆಂದು ಸುದ್ದಿ ಬಂತು. ಅತ್ತೆ ಊರ ಹೆಂಗಸರನ್ನೆಲ್ಲ ಕೂಡಿಸಿದಳು. ಬಿರುಕಿಗೆ ಕೆಮ್ಮಣ್ಣು ಮೆತ್ತಿಸಿ, ಸುಣ್ಣ ಬಳಿಸಿ, ಅದರ ಮೇಲೊಂದು ಹೂಬಳ್ಳಿ ಬರೆಸಿದಳು. ಸೋರುವ ಹಂಚಿನ ಕೆಳಗೆ ಮದುವೆ ಚಪ್ಪರದ ಹಾಗೆ ಬಿಳಿ ಬಟ್ಟೆ ಕಟ್ಟಿಸಿದಳು. ಇಂಜಿನಿಯರು ಅಕ್ಕಿರೊಟ್ಟಿ ತಿಂದು, ಫೋಟೋ ತೆಗೆದುಕೊಂಡು, "ಇಷ್ಟು ಚೆನ್ನಾಗಿರೋ ಸ್ಕೂಲು ಈ ಕಡೆ ನೋಡೇ ಇಲ್ಲ ಕಣಮ್ಮ" ಎಂದು ಹೊರಟರು. ಅತ್ತೆ ಸಿಕ್ಕವರಿಗೆಲ್ಲ ಆ ಮಾತನ್ನು ಹೇಳಿಕೊಂಡು ತಿರುಗಿದಳು. ಅನುದಾನ ಪಕ್ಕದೂರಿನ ಶಾಲೆಗೆ ಹೋಯಿತು. ಅಲ್ಲಿ ಮೇಷ್ಟ್ರ ಬೀರುವಿನಲ್ಲಿ ಕೋಳಿ ಕಾವಿಗೆ ಕೂತಿತ್ತಂತೆ.

ಹೆಡ್‌ಮೇಷ್ಟ್ರು ತಾಳ್ಮೆಯಿಂದ ವಿವರಿಸಿದರು. "ಸರ್ಕಾರದಲ್ಲಿ ಆದ್ಯತೆ ಅಂತ ಇರುತ್ತಮ್ಮ. ಯಾವುದು ಬೀಳೋ ಹಾಗಿದೆಯೋ ಅದಕ್ಕೆ ಮೊದಲು ದುಡ್ಡು."

ಅತ್ತೆ ಮೇಷ್ಟ್ರ ಮೇಜಿನ ಧೂಳನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಹೇಳಿದಳು, "ಸರಿಯಾಗೇ ಐತೆ ಬುಡಿ ಮೇಷ್ಟ್ರೆ. ಬೀಳೋದನ್ನ ಮೊದ್ಲು ಎತ್ತಬೇಕು. ನಮ್ದೂ ಬೀಳ್ತಾನೇ ಇತ್ತು, ನಾನು ಸೀರೆ ಉಡ್ಸಿ ನಿಲ್ಸಿದ್ದೆ."

ಮಾರನೇ ವರ್ಷ ಮತ್ತೆ ತಪಾಸಣೆ. ಅಪ್ಪ ಉಪಾಯ ಹೇಳಿದ, "ಅಕ್ಕ, ಒಂದಷ್ಟು ಹಂಚು ಕಿತ್ತಾಕ್ತೀನಿ. ಕೆಲ್ಸ ಸಲೀಸು."

"ಇಲ್ಲದ್ದು ತೋರ್ಸೋದು ಬ್ಯಾಡ. ಇರೋದು ತೋರ್ಸೋದೇ ನಂಗೆ ಪ್ರಾಣಸಂಕಟ."

ಬರೆಸಿದ ಬಳ್ಳಿಯನ್ನು ಅವಳೇ ಕೆರೆದು ತೆಗೆದಳು. ಮೆತ್ತಿದ ಮಣ್ಣನ್ನೂ ಕಿತ್ತಳು, ಬಟ್ಟೆ ಬಿಚ್ಚಿಸಿದಳು. ಆಮೇಲೆ ಶಾಲೆಯ ಪೊರಕೆಗಳನ್ನೆಲ್ಲ ಅಡುಗೆಕೋಣೆಗೆ ಹಾಕಿ ಬೀಗ ಜಡಿದು, "ನಾನು ಕೇಳಿದ್ರೂ ಕೊಡ್ಬೇಡಿ" ಎಂದು ಕೀಲಿಯನ್ನು ಮೇಷ್ಟ್ರ ಕೈಗಿಟ್ಟಳು. ಇಂಜಿನಿಯರು ಬಂದಾಗ ಬಾಗಿಲಲ್ಲೇ ಜೇಡರ ಬಲೆ. ಅತ್ತೆಯ ಕೈ ತಾನಾಗಿ ಮೇಲೆದ್ದಿತು. ಇನ್ನೊಂದು ಕೈ ಅದನ್ನು ಹಿಡಿದು ಸೆರಗಿನೊಳಗೆ ತುರುಕಿತು. ಇಂಜಿನಿಯರು ಬಿರುಕಿಗೆ ಕೈ ಹಾಕಿದರು. ಹೊರಗೆ ನಿಂತಿದ್ದ ನಮಗೆ ಅವರ ಬೆರಳುಗಳು ಕಂಡವು.

"ಹೋದ ವರ್ಷ ಇದು ಎಲ್ಲಿತ್ತಮ್ಮ?"

"ಇಲ್ಲೇ ಇತ್ತು ಸ್ವಾಮಿ. ನಮ್ಮ ಹೂಬಳ್ಳಿ ಹಿಂದೆ."

ಅವರು ನಗಲಿಲ್ಲ. ಆ ಕೋಣೆಗಳ ಮಕ್ಕಳನ್ನು ಆಗಲೇ ಜಗಲಿಗೆ ಕಳಿಸಿ, ಅಳತೆ ಹಿಡಿಯತೊಡಗಿದರು. ಕೆಲಸ ಮುಗಿಸಿ ಹೊರಬಂದರೆ ಕೆಸರು ಮೆತ್ತಿದ್ದ ಅವರ ಜೀಪು ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಬಕೆಟು ಹಿಡಿದು ಅತ್ತೆ.

"ಡ್ರೈವರಪ್ಪ ಬ್ಯಾಡ ಅಂದ ಸ್ವಾಮಿ. ಏನ್ಮಾಡ್ಲಿ, ಸ್ಕೂಲಂತೂ ಮುಟ್ಟಂಗಿಲ್ಲ."

ಆ ಸಲ ನಮ್ಮ ಶಾಲೆ ಆದ್ಯತೆಯಲ್ಲಿ ಮೇಲೆ ಬಂತು. ಕೋಣೆಗಳೆದ್ದವು, ಎಂಟನೇ ಕ್ಲಾಸು ಬಂತು, ಅದರ ಮುಂದಿನ ಬೆಂಚಿನಲ್ಲಿ ನಾನು ಕೂತೆ. ಎಂಟು ಸಿಕ್ಕವಳಿಗೆ ಒಂಬತ್ತು ಕೇಳುವ ಧೈರ್ಯ ಬರುತ್ತದೆ. ಬಸ್ಸು ಬೇಡ ಎಂದಿದ್ದ ಅಪ್ಪನೇ ಟಾರ್ಚು ಹಿಡಿದು ಬಸ್‌ಸ್ಟ್ಯಾಂಡಿಗೆ ಬರತೊಡಗಿದ. ರಜೆಯಲ್ಲಿ ಎಸ್ಟೇಟಿನ ಪಿಕಿಂಗಿಗೆ, ಅಂದರೆ ಕಾಫಿ ಹಣ್ಣು ಕೊಯ್ಯಲು, ಹೋಗಿ ಕಾಲೇಜು ಫೀಸು ಕಟ್ಟಿದೆ. ಯಾರೂ ಕರೆದು ಕೊಟ್ಟ ಡಿಗ್ರಿಯಲ್ಲ ಇದು. ಹಾಗೆಂದು ನಾನೊಬ್ಬಳೇ ಗಳಿಸಿದ್ದೂ ಅಲ್ಲ.

ಸರ್ಟಿಫಿಕೇಟು ಕೈಗೆ ಬಂದ ದಿನ ಅಪ್ಪನೊಂದಿಗೆ ಅತ್ತೆಯ ಮನೆಗೆ ಹೋದೆ. ಅಪ್ಪ ಒಳಗೆ ಬಾರದೆ ಜಗಲಿಯಲ್ಲೇ ಕೂತ. ಸರ್ಟಿಫಿಕೇಟನ್ನು ಅತ್ತೆಯ ಕೈಗಿಟ್ಟೆ. ಅವಳಿಗೆ ಓದಲು ಬಾರದು. ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಏನಂತ ಬರ್ದವ್ರೆ?"

"ನಾನು ಬಿ.ಎ. ಪಾಸಾಗಿದೀನಿ ಅಂತ, ಅತ್ತೆ."

"ಅಷ್ಟು ಚಿಕ್ಕದಾಗಿ ಹೇಳ್ಬೇಡ ಮಗಾ. ನಿನ್ನ ಹೆಸ್ರಿಂದ ಹಿಡ್ದು ಪೂರ್ತಿ ಓದು, ಗಟ್ಟಿಯಾಗಿ ಓದು. ನಿಮ್ಮಪ್ಪ ಹೊರಗೆ ಕೂತಿರೋದೇ ಕೇಳ್ಸಿಕೊಳ್ಳೋಕೆ."