ಗ್ಯಾರಂಟಿ ಬಾಯ್ಲರಿನ ಪ್ರಯಾಣ

ಬೆಳಿಗ್ಗೆ ಬಿಸಿನೀರು ಸಿಗದಿದ್ದರೆ ನನಗೆ ದೇವರ ಮೇಲೆ ಭಕ್ತಿ ಹುಟ್ಟುವುದಿಲ್ಲ. ತಣ್ಣೀರಲ್ಲಿ ಮಿಂದು, ನಡುಗುತ್ತಾ ವಿಭೂತಿ ಧರಿಸಿ ಪೂಜೆಗೆ ಕೂರುವವರನ್ನು ಕಂಡರೆ ನನಗೆ ಗೌರವವಿದೆ. ಅವರ ಹಾಗೆ ಮಾಡುವ ಧೈರ್ಯವಿಲ್ಲ. ಹೆಗ್ಗಡದೇವನಕೋಟೆಯಲ್ಲಿ ನಾನು ಮೇಷ್ಟ್ರಾಗಿದ್ದ ಐವತ್ತರ ದಶಕದಲ್ಲಿ ಮಾಗಿಯ ಚಳಿ ಬಂತೆಂದರೆ, ಕಾಕನಕೋಟೆ ಕಾಡಿನ ಕಡೆಯಿಂದ ಬೀಸುವ ಗಾಳಿಗೆ ಕೊಡದ ನೀರು ಮುಟ್ಟಿದವರ ಬೆರಳು ಸೆಟೆದುಕೊಳ್ಳುತ್ತಿತ್ತು. ನನ್ನ ತಾಯಿಗೆ ಮಂಡಿನೋವು. ಬಿಸಿನೀರು ಬಿದ್ದ ದಿನ ಅವರು ಮನೆಯಲ್ಲಿ ಓಡಾಡುತ್ತಿದ್ದರು, ಬೀಳದ ದಿನ ಗೋಡೆ ಹಿಡಿಯುತ್ತಿದ್ದರು. ಆದರೆ ಆ ನೀರಿಗಾಗಿ ಬಚ್ಚಲ ಒಲೆಗೆ ಹಸಿ ಸೌದೆ ತುರುಕಿ, ಊದಿ ಊದಿ ಅವರ ಕಣ್ಣು ಸದಾ ಕೆಂಪಗಿರುತ್ತಿತ್ತು. ಹೀಗಿರುವಾಗ ಕೃಷ್ಣರಾಜನಗರದ ಒಂದು ಪಾತ್ರೆ ಅಂಗಡಿಯಲ್ಲಿ ತಾಮ್ರದ ಬಾಯ್ಲರ್ ಕಂಡೆ. ನಡುವೆ ಒಂದು ಕೊಳವೆ, ಅದರೊಳಗೆ ಇದ್ದಿಲು, ಸುತ್ತ ನೀರು, ಪಕ್ಕದಲ್ಲಿ ನಲ್ಲಿ. ಹೊಗೆಯಿಲ್ಲ, ಊದುವ ಕೆಲಸವಿಲ್ಲ.

ಅಂಗಡಿಯ ಪುಟ್ಟಸ್ವಾಮಪ್ಪನವರು ಮಾತಿನಲ್ಲಿ ಬಹಳ ನಾಜೂಕು. "ಐದು ವರ್ಷ ಗ್ಯಾರಂಟಿ ಕಣ್ರೀ ಮೇಷ್ಟ್ರೇ," ಎಂದರು. "ಸೋರಿದ್ರೆ ತಕ್ಕಬನ್ನಿ, ಬೇರೇದು ಕೊಡ್ತೀನಿ. ಆದ್ರೆ ನಿಮ್ಮನೆಯವರು ಬುಟ್ಟು ಬೇರೆ ಯಾರೂ ಬಿಚ್ಚಬಾರ್ದು. ತಿಂಗಳಿಗೊಂದ್ಸಲ ಉಣಸೆ ನೀರು ತುಂಬಿ ನೆನೆಯಾಕಿ, ಒಳಗೆ ಕಟ್ಟಿದ ಉಪ್ಪು ಬುಡ್ತದೆ." ಗ್ಯಾರಂಟಿ ಎಂಬ ಮಾತನ್ನು ನಾನು ಅದುವರೆಗೆ ಗಡಿಯಾರದ ವಿಷಯದಲ್ಲಿ ಮಾತ್ರ ಕೇಳಿದ್ದೆ. ಸ್ನಾನಕ್ಕೂ ಅದು ದೊರೆಯುತ್ತದೆಂದು ತಿಳಿದು, ಲೋಕ ಮುಂದುವರಿಯುತ್ತಿದೆ ಎನ್ನಿಸಿತು.

ಮನೆಗೆ ಬಂದ ಬಾಯ್ಲರಿಗೆ ನನ್ನ ತಾಯಿ ಮೊದಲ ದಿನವೇ ಅರಿಶಿನ ಕುಂಕುಮ ಇಟ್ಟರು. ನನ್ನ ಹೆಂಡತಿ ಗಿರಿಜೆ ಅದರ ಹೊಟ್ಟೆಯನ್ನು ಎಷ್ಟು ಬೆಳಗಿದಳೆಂದರೆ ನಾನು ಅದರಲ್ಲೇ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದೆ. ಆ ಕನ್ನಡಿಯಲ್ಲಿ ನನ್ನ ಕೆನ್ನೆ ಊದಿದಂತೆ ಕಾಣುತ್ತಿತ್ತು. ಮೇಷ್ಟ್ರ ಸಂಬಳದಲ್ಲಿ ಅಂಥ ಕೆನ್ನೆಯನ್ನು ಬೇರೆಲ್ಲೂ ನೋಡುವ ಹಾಗಿರಲಿಲ್ಲ. ಒಂದು ಚಳಿಗಾಲ ಸುಖವಾಗಿ ಕಳೆಯಿತು. ಎರಡನೆಯ ಚಳಿಗಾಲದ ಒಂದು ಬೆಳಿಗ್ಗೆ ಒಳಗಿನಿಂದ ಚುಂಯ್ ಎಂದು ಸದ್ದಾಯಿತು. ನಡುವಿನ ಕೊಳವೆ ಎಲ್ಲೋ ಬಿರುಕು ಬಿಟ್ಟು, ನೀರು ಇದ್ದಿಲ ಮೇಲೆ ಬಿದ್ದು ಬೆಂಕಿ ಆರಿಹೋಗಿತ್ತು. ಮೂರು ದಿನದಲ್ಲಿ ತಾಯಿ ಮತ್ತೆ ಗೋಡೆ ಹಿಡಿದರು.

"ಗ್ಯಾರಂಟಿ ಇದೆಯಲ್ಲ, ಭಾನುವಾರ ತೆಗೆದುಕೊಂಡು ಹೋಗುತ್ತೇನೆ," ಎಂದೆ. ನಾವು ಸರಿಯಾಗಿ ನೋಡಿಕೊಂಡಿಲ್ಲವೆಂದು ಅಂಗಡಿಯವರು ನೆಪ ತೆಗೆಯಬಾರದೆಂದು, ತಾಯಿ ಅಷ್ಟೂ ದಿನ ಅದರಲ್ಲಿ ಹುಣಸೆ ನೀರು ತುಂಬಿ ನೆನೆಯಲು ಬಿಟ್ಟರು; ಕಾದಾಗ ಬಾಯಿಬಿಡುತ್ತಿದ್ದ ಬಿರುಕು ತಣ್ಣಗಿದ್ದಾಗ ಸೋರುತ್ತಿರಲಿಲ್ಲ. ಸಾಲದೆಂದು ಹುಳಿ ಮಜ್ಜಿಗೆಯನ್ನೂ ತಮ್ಮ ಕಡೆಯಿಂದ ಸುರಿದರು. ಭಾನುವಾರ ಬೆಳಿಗ್ಗೆ ನೀರು ಚೆಲ್ಲಿದೆವು. ವಾಸನೆ ಮಾತ್ರ ಹೋಗಲಿಲ್ಲ.

ಬಸ್ಸಿನ ಮೇಲೆ ಹಾಕಿದರೆ ನೆಗ್ಗೀತೆಂದು ಬಾಯ್ಲರಿಗೆ ಹಳೆಯ ಸೀರೆ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ಪಕ್ಕದಲ್ಲಿ ಗಾವಡಗೆರೆಗೆ ಹೋಗುವ ಯಜಮಾನರೊಬ್ಬರು ಕೂತಿದ್ದರು. ಒಳ್ಳೆಯ ಮನುಷ್ಯರು, ಎಲೆಅಡಿಕೆ ಕೊಟ್ಟು, ನನ್ನ ಮಕ್ಕಳ ವಿಚಾರ ವಿಚಾರಿಸುತ್ತಿದ್ದರು. ಹುಣಸೂರಿಗೆ ಮುಂಚೆ, ಕಾಡಿನ ಮರ ಕದ್ದು ಸಾಗಿಸುವವರನ್ನು ಹಿಡಿಯಲು ರಸ್ತೆಗೆ ಗೇಟು ಹಾಕಿದ್ದ ಕಡೆ ಬಸ್ಸು ನಿಂತಿತು. ಪೊಲೀಸ್ ದಫೇದಾರರು ಹತ್ತಿ ಸೀಟುಗಳ ಕೆಳಗೆ ನೋಡುತ್ತಾ ಬಂದವರು ನನ್ನ ಹತ್ತಿರ ನಿಂತು ಮೂಗರಳಿಸಿದರು. ಸೀರೆ ಸರಿಸಿದರು. ತಾಮ್ರದ ಹೊಟ್ಟೆ, ಕೊಳವೆ, ನಲ್ಲಿ, ಹುಳಿ ವಾಸನೆ.

"ಏನ್ರೀ ಇದು?"

"ಬಾಯ್ಲರ್. ಸ್ನಾನದ ನೀರು ಕಾಯಿಸುವುದಕ್ಕೆ."

"ಕಳ್ಳಭಟ್ಟಿ ಇಳಿಸೋರೂ ಅಂಗೇ ಯೋಳ್ತಾರೆ. ಕೆಳಗಿಳೀರಿ."

ನಾನು ಮೇಷ್ಟ್ರೆಂದು ಹೇಳಿದೆ. ಯಾವ ಮೇಷ್ಟ್ರೂ ತಾನು ಮೇಷ್ಟ್ರೆಂದು ರುಜುವಾತು ಮಾಡಿಕೊಳ್ಳುವ ಸಾಮಾನು ಜೊತೆಯಲ್ಲಿ ಇಟ್ಟುಕೊಂಡಿರುವುದಿಲ್ಲ; ನನ್ನ ಬಳಿ ಇದ್ದದ್ದು ಬಾಯ್ಲರ್ ಮಾತ್ರ, ಅದು ಬೇರೆಯದನ್ನೇ ರುಜುವಾತು ಮಾಡುತ್ತಿತ್ತು. ಗಾವಡಗೆರೆ ಯಜಮಾನರ ಕಡೆ ತಿರುಗಿದೆ. ಅವರು ಆಗಲೇ ಸ್ವಲ್ಪ ಸರಿದು ಕೂತಿದ್ದರು. "ನೋಡಕ್ಕೇನೋ ಸಾದಾ ಅವ್ರೆ," ಎಂದರು ದಫೇದಾರರಿಗೆ. "ಆದ್ರೂ ಕಾಲ ಕೆಟ್ಟೋಗದೆ ಬುಡಿ." ಕೆಲಸ ಹೋದರೆ ಏನು ಮಾಡುವುದು, ಶಾಲೆಯ ಹುಡುಗರು ನನಗೆ ಯಾವ ಹೆಸರಿಟ್ಟಾರು ಎಂದು ಯೋಚಿಸುತ್ತಾ ಇಳಿದೆ. ಬಸ್ಸಿನವರೂ ಹೊರಡಲಿಲ್ಲ, ಪ್ರಯಾಣಿಕರೆಲ್ಲ ಇಳಿದು ಸುತ್ತ ನಿಂತರು.

"ನೀರು ಕಾಯಿಸೋದಾದ್ರೆ ಕಾಯ್ಲಿ, ನೋಡಾನ," ಎಂದು ದಫೇದಾರರು ತಾವೇ ಮುಚ್ಚಳ ಬಿಚ್ಚಿ, ಕೊಳವೆ ಎಳೆದು ನೋಡಿ, ಮತ್ತೆ ಬಿಗಿದರು. ನೀರು ತುಂಬಿಸಿದರು. ಪಕ್ಕದ ಟೀ ಅಂಗಡಿಯಿಂದ ಕೆಂಡ ತರಿಸಿ ಸುರಿದರು. ಎಲ್ಲರೂ ಕಾದರು. ನೀರು ಉಗುರುಬೆಚ್ಚಗಾಗುವ ಹೊತ್ತಿಗೆ ಒಳಗೆ ಚುಂಯ್ ಎಂದಿತು. ಬೂದಿ ಕಲಸಿದ ಕರಿನೀರು ಕೆಳಗಿನಿಂದ ಹರಿದು ದಫೇದಾರರ ಬೂಟು ತೋಯಿಸಿತು. ಅವರು ಬೂಟನ್ನು ನೋಡಿದರು, ಬಾಯ್ಲರನ್ನು ನೋಡಿದರು, ಕೊನೆಗೆ ನನ್ನನ್ನು ಕನಿಕರದಿಂದ ನೋಡಿದರು.

"ಇದ್ರಾಗೆ ಯಾವ ಕಳ್ನೂ ಭಟ್ಟಿ ಇಳ್ಸಾಕಿಲ್ಲ. ಓಗ್ಬನ್ನಿ ಮೇಷ್ಟ್ರೇ."

ಯಜಮಾನರು ನನಗೆ ಮತ್ತೆ ಎಲೆಅಡಿಕೆ ಕೊಟ್ಟರು.

ಕೃಷ್ಣರಾಜನಗರ ಮುಟ್ಟುವ ಹೊತ್ತಿಗೆ ನನ್ನ ಭಯವೆಲ್ಲ ಇಳಿದು, ಆದದ್ದು ಒಂದು ಕಥೆಯಾಗಿ ಕೂತಿತ್ತು. ಪುಟ್ಟಸ್ವಾಮಪ್ಪನವರು ಬಾಯ್ಲರನ್ನು ಹೊರಳಿಸಿ, "ಸೋರ್ತಾ ಅದಾ?" ಎಂದರು. ನಾನು ಬಸ್ಸಿನಿಂದ ಪ್ರಾರಂಭಿಸಿದೆ. ದಫೇದಾರರ ಮೂಗು ಅರಳಿದ್ದನ್ನು ಮಾಡಿ ತೋರಿಸಿದೆ. ಅವರು ಮುಚ್ಚಳ ಬಿಚ್ಚಿ ಕೊಳವೆ ಎಳೆದದ್ದನ್ನು ಎರಡು ಸಲ ಅಭಿನಯಿಸಿದೆ, ಏಕೆಂದರೆ ಮೊದಲನೆಯ ಸಲ ಪಕ್ಕದ ಅಂಗಡಿಯವರು ಇನ್ನೂ ಬಂದಿರಲಿಲ್ಲ. ಪುಟ್ಟಸ್ವಾಮಪ್ಪನವರು ಕಣ್ಣೀರು ಬರುವಷ್ಟು ನಕ್ಕು, ಕಾಫಿ ತರಿಸಿ ಕೊಟ್ಟರು. ನಾನು ಕುಡಿದು ಲೋಟ ಇಡುವವರೆಗೂ ಕಾದು, ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು: "ಗ್ಯಾರಂಟಿ ಓಯ್ತಲ್ಲ ಮೇಷ್ಟ್ರೇ. ಬೇರೆಯವರು ಬಿಚ್ಚಿದ್ರು ಅಂತ ನೀವೇ ಯೋಳ್ಬುಟ್ರಿ." ಹೊಸದು ಸಿಗಲಿಲ್ಲ. ದುಡ್ಡು ಕೊಟ್ಟು ಕೊಳವೆಗೆ ಬೆಸುಗೆ ಹಾಕಿಸಿಕೊಂಡು ಹಿಂದಿರುಗಿದೆ.

ಸಂಜೆ ತಾಯಿ ಬಿಸಿನೀರು ಹುಯ್ದುಕೊಂಡು, ಹೊಸದಕ್ಕಿಂತ ಇದೇ ವಾಸಿ ಎಂದು ಸಮಾಧಾನ ಹೇಳಿದರು. ಗಿರಿಜೆಗೆ ಇಡೀ ಪ್ರಸಂಗ ವಿವರಿಸಿದೆ. ಅವಳು ನಗಲಿಲ್ಲ.

"ಅಂಗಡಿಯವರು ಸೋರ್ತಿದ್ಯಾ ಅಂತ ಕೇಳಿದ್ರೋ, ದಾರೀಲಿ ಏನಾಯ್ತು ಅಂತ ಕೇಳಿದ್ರೋ?"

"ಸೋರ್ತಿದ್ಯಾ ಅಂತ."

"ಮತ್ತೆ?" ಎಂದು ಅವಳು ಒಳಗೆ ಹೋದಳು.

ಪರೀಕ್ಷೆಗೆ ಮುಂಚೆ ನಾನು ಪ್ರತಿವರ್ಷ ಹುಡುಗರನ್ನು ಕೂರಿಸಿಕೊಂಡು, ಕೇಳಿದ್ದಕ್ಕಷ್ಟೇ ಉತ್ತರ ಬರೆಯಿರಿ, ಗೊತ್ತಿರುವುದನ್ನೆಲ್ಲ ಬರೆಯಬೇಡಿ ಎಂದು ಗಂಟೆಗಟ್ಟಲೆ ಬುದ್ಧಿ ಹೇಳುತ್ತಿದ್ದೆ. ಆ ವರ್ಷ ಹೇಳಲಿಲ್ಲ. ಫಲಿತಾಂಶ ಎಂದಿನಂತೆಯೇ ಬಂತು.