ಮೊಂತಿ ಹಬ್ಬದ ಸುತ್ತೋಲೆ

ಕುಟುಂಬ ಒಂದಾಗಿರಬೇಕು ಎಂದು ಹೇಳುವವರು ಬೇರೆ, ಅದಕ್ಕೆ ಅಂಟು ಹಚ್ಚುವವರು ಬೇರೆ. ಹೇಳುವವರು ಸಾಮಾನ್ಯವಾಗಿ ಊಟ ಮುಗಿಸಿ ಆರಾಮ ಕುರ್ಚಿಯಲ್ಲಿ ಕಾಲು ಚಾಚಿರುತ್ತಾರೆ. ಅಂಟು ಹಚ್ಚುವವಳು ಸೊಸೆಯಾಗಿರುತ್ತಾಳೆ. ಇದನ್ನು ನಾನು ತತ್ತ್ವವಾಗಿ ಹೇಳುತ್ತಿಲ್ಲ. ನನ್ನ ನಾಲಗೆಯ ಮೇಲೆ ಇಂದಿಗೂ ಅಂಚೆ ಲಕೋಟೆಯ ಗೋಂದಿನ ರುಚಿ ಇದೆ.

ಮದುವೆಯಾಗಿ ಮುಳ್ಳೇರಿಯದ ಹತ್ತಿರದ ಆ ಮನೆಗೆ ಬಂದಾಗ ನನ್ನಲ್ಲಿದ್ದ ಆಸ್ತಿ ಎರಡೇ: ಒಂದು ಕನ್ನಡ ಶಾಲೆಯ ಟೀಚರ್ ಕೆಲಸ, ಇನ್ನೊಂದು ಗುಂಡಾದ ಅಕ್ಷರ. ಕೆಲಸದ ಬಗ್ಗೆ ಮಾವನಿಗೆ ಅಷ್ಟೇನೂ ಗೌರವವಿರಲಿಲ್ಲ. ಅಕ್ಷರದ ಮೇಲೆ ಮಾತ್ರ ಅವರ ಕಣ್ಣು ಮೊದಲ ವಾರವೇ ಬಿತ್ತು. ಅವರ ತಮ್ಮ ಬಿಹಾರದ ಕಡೆ ಎಲ್ಲಿಯೋ ಪಾದ್ರಿಗಳು. ಕೊಂಕಣಿಯಲ್ಲಿ ಚಿಕ್ಕಪ್ಪನಿಗೆ ಬಾಪ್ಪು ಎನ್ನುವುದರಿಂದ ಮನೆಯವರಿಗೆಲ್ಲ ಅವರು ಪಾದ್ರಿ ಬಾಪ್ಪು. ಆ ವರ್ಷ ರಜೆಯಲ್ಲಿ ಬಂದಿದ್ದ ಅವರು ಹಂದಿ ಮಾಂಸದ ಊಟ ಮುಗಿಸಿ ಘೋಷಿಸಿದರು: "ನಮ್ಮವರು ಬೊಂಬಾಯಿಯಲ್ಲಿ ಕೆಲವರು, ಬಹರೈನಿನಲ್ಲಿ ಕೆಲವರು, ಕೆನಡಾದಲ್ಲಿ ಒಬ್ಬ. ಹೀಗೆ ಬಿಟ್ಟರೆ ಮಕ್ಕಳ ಕಾಲಕ್ಕೆ ಯಾರು ಯಾರಿಗೆ ಎಂತ ಆಗಬೇಕು ಅಂತಲೇ ಗೊತ್ತಿರುವುದಿಲ್ಲ. ವರ್ಷಕ್ಕೊಂದು ಕಾಗದ ಎಲ್ಲಾ ಮನೆಗೂ ಹೋಗಬೇಕು." ಎಲ್ಲರೂ ತಲೆದೂಗಿದರು. ತೂಗಿದ ತಲೆಗಳೆಲ್ಲ ಆಮೇಲೆ ಒಟ್ಟಿಗೆ ನನ್ನ ಕಡೆ ತಿರುಗಿದವು.

ಕಾಗದ ಹೊರಡುವ ದಿನ ಮೊಂತಿ ಹಬ್ಬ ಎಂದು ನಿಶ್ಚಯವಾಯಿತು. ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಕೊಡುತ್ತಾರೆ. ಅದರ ಕಾಳನ್ನು ಸುಲಿದು ಹಾಲಿಗೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಕುಡಿಯುವುದು ಕ್ರಮ. ದೂರದಲ್ಲಿರುವವರಿಗೆ ತಲೆಗೊಂದರಂತೆ ಕಾಳು ಲಕೋಟೆಯಲ್ಲಿ ಹೋಗಬೇಕು. ಮಾವ ಹಿತ್ತಾಳೆ ತಟ್ಟೆಯಲ್ಲಿ ಕಾಳು ಎಣಿಸುತ್ತಿದ್ದರು. ಹದಿನಾರು ಮನೆ, ಅರವತ್ತೊಂದು ತಲೆ. ನಾನು ಕಾರ್ಬನ್ ಇಟ್ಟು, ಒಂದು ಸಲಕ್ಕೆ ನಾಲ್ಕು ಪ್ರತಿಯಂತೆ, ಅದೇ ಕಾಗದವನ್ನು ನಾಲ್ಕು ಸಲ ಬರೆಯುತ್ತಿದ್ದೆ. ಕೊಂಕಣಿ ಮಾತು, ಕನ್ನಡ ಲಿಪಿ.

ಕಾರ್ಬನ್ ಕಾಗದ ಒಂದು ಕುಟುಂಬದ ಬಣ್ಣವನ್ನು ಹೇಗೆ ಬಯಲು ಮಾಡುತ್ತದೆ ಎಂಬುದು ಬರೆದವರಿಗೇ ಗೊತ್ತು. ಮೇಲಿನ ಸ್ಪಷ್ಟ ಪ್ರತಿ ಪಾದ್ರಿ ಬಾಪ್ಪುವಿಗೆ, ಬಹರೈನಿನ ಮೈದುನ ಲ್ಯಾನ್ಸಿಗೆ, ಅಂತಹವರಿಗೆ. ಎರಡನೆಯದು, ಮೂರನೆಯದು ಮಧ್ಯಮ ವರ್ಗಕ್ಕೆ. ನಾಲ್ಕನೆಯದು, ಹೊಗೆಯಲ್ಲಿ ಬರೆದಂತಿರುವುದು, ನೆಕ್ರಾಜೆಯಲ್ಲಿ ಎರಡು ದನ ಸಾಕಿಕೊಂಡಿದ್ದ ಮಾವನ ತಂಗಿಗೆ. ಅವರು ಒಮ್ಮೆ ಇಗರ್ಜಿಯ ಅಂಗಳದಲ್ಲಿ ನನ್ನ ಕೈ ಹಿಡಿದು, "ನಿನ್ನ ಕಾಗದ ಬರುತ್ತದೆ ಮಗಾ. ಆದರೆ ಓದಲಿಕ್ಕೆ ಹೋದ ವರ್ಷದ್ದನ್ನು ನೆನಪು ಮಾಡಿಕೊಳ್ಳಬೇಕಾಗುತ್ತದೆ" ಎಂದರು.

ಸುದ್ದಿ ಸಂಗ್ರಹವೂ ಸುಲಭದ್ದಲ್ಲ. ಬೊಂಬಾಯಿಯ ರೋಜಿ ಆಂಟಿ ನನ್ನ ಗಂಡನ ಚಿಕ್ಕಮ್ಮ. ತನ್ನ ಮಗಳ ಮೊದಲ ಕ್ರಿಸ್ತಪ್ರಸಾದಕ್ಕೆ ಎರಡೇ ಸಾಲು ಬಂದು ಲ್ಯಾನ್ಸಿಯ ಹೊಸ ಫ್ರಿಜ್ಜಿಗೆ ಮೂರು ಸಾಲು ಬಂದದ್ದಕ್ಕೆ ಅವರು ಕಳಿಸಿದ ಪೋಸ್ಟ್ ಕಾರ್ಡನ್ನು ಅಂಚೆಯವನು ಓದಿ, ಮುಖ ಸಣ್ಣ ಮಾಡಿಕೊಂಡೇ ಕೊಟ್ಟ. ಆಮೇಲೆ ನಾನು ಸಾಲು ಎಣಿಸಿ ಬರೆಯಲು ಕಲಿತೆ. ಪಾದ್ರಿ ಬಾಪ್ಪು ಇನ್ನೊಂದು ಆಜ್ಞೆ ಹೊರಡಿಸಿದ್ದರು: ಹಬ್ಬದ ಸಂಜೆ ಎಂಟಕ್ಕೆ ಎಲ್ಲಾ ಮನೆಗಳಲ್ಲೂ ಒಟ್ಟಿಗೆ ಜಪಮಾಲೆ. ಆಗ ನಮ್ಮಲ್ಲಿ ಎಂಟು ಗಂಟೆಯಾದರೆ ಬಹರೈನಿನಲ್ಲಿ ಐದೂವರೆ, ಲ್ಯಾನ್ಸಿಗೆ ಡ್ಯೂಟಿ. ಕೆನಡಾದವನಿಗೆ ಬೆಳಗ್ಗಿನ ಹತ್ತೂವರೆ. "ದೇವರಿಗೆ ಗಡಿಯಾರ ಇಲ್ಲ" ಎಂದು ಬಾಪ್ಪು ಬರೆದರು. ದೇವರಿಗಿಲ್ಲ, ಲ್ಯಾನ್ಸಿಯ ಮ್ಯಾನೇಜರನಿಗೆ ಇತ್ತು. ಇನ್ನು ಬೊಂಬಾಯಿ, ಬಹರೈನಿನ ಮಕ್ಕಳಿಗೆ ಕನ್ನಡ ಲಿಪಿಯೇ ಬರುವುದಿಲ್ಲ ಎಂಬ ಸುದ್ದಿಯೂ ಬಂತು. ಯಾವ ತಲೆಮಾರನ್ನು ಹಿಡಿದಿಡಲು ಕಾಗದ ಹೊರಟಿತ್ತೋ ಅದೇ ತಲೆಮಾರಿಗೆ ಅದು ಕಬ್ಬಿಣದ ಕಡಲೆ. ಇದನ್ನು ಮಾವನಿಗೆ ಹೇಳಿದೆ. "ದೊಡ್ಡವರು ಓದಿ ಹೇಳುತ್ತಾರೆ" ಎಂದರು.

ನನ್ನ ನಾದಿನಿ ಸೆವ್ರಿನ್ ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹಾಸ್ಟೆಲಿನಲ್ಲಿದ್ದ ಅವಳ ಪಾಲಿನ ಕಾಳು ಅವಳು ರಜೆಗೆ ಬರುವವರೆಗೆ ಮನೆಯಲ್ಲೇ ಕಾಯುತ್ತಿತ್ತು. ಆ ಮನೆಯಲ್ಲಿ ನನ್ನನ್ನು ಮೊದಲು ನಗಿಸಿದವಳು ಅವಳು. ಮದುವೆಯಾದ ಮೂರನೇ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ, "ನಾನೇ ಹಾಕಿದ್ದು" ಎಂದು ಬೈಗುಳ ತಿಂದವಳೂ ಅವಳೇ. ಕಾಗದ ಶುರುವಾಗಿ ಎರಡು ವರ್ಷಕ್ಕೆ ಅವಳು ಅಲ್ಲಿಯೇ ಹಿಂದೂ ಗಂಡಸೊಬ್ಬರನ್ನು ರಿಜಿಸ್ಟರ್ ಮದುವೆಯಾದಳು. ಮಾವ ಕೂಗಾಡಲಿಲ್ಲ. ಹಬ್ಬದ ದಿನ ಕಾಳು ಎಣಿಸಿ, ಒಂದನ್ನು ಎತ್ತಿ ಕೋಳಿಗೆ ಎಸೆದು, "ಅರವತ್ತು" ಎಂದರು. ಹೆಸರಿನ ಪಟ್ಟಿ ನನ್ನ ಕೈಯಲ್ಲಿತ್ತು. ಗೆರೆ ಎಳೆದೆ. ನೇರ ಗೆರೆ, ಸ್ಕೇಲ್ ಇಟ್ಟು.

ಪಾದ್ರಿ ಬಾಪ್ಪು ಕಾಗದದ ಕೊನೆಗೆ ಒಂದು ವಾಕ್ಯ ಸೇರಿಸಲು ಹೇಳಿ ಕಳಿಸಿದರು: "ದಾರಿ ತಪ್ಪಿದವರಿಗಾಗಿ ಪ್ರಾರ್ಥಿಸೋಣ." ಅಲ್ಲಿಂದ ಮುಂದೆ ಪ್ರತಿ ವರ್ಷವೂ ಅದನ್ನು ಬರೆದೆ. ಹೆಸರಿಲ್ಲದೆ ಸೆವ್ರಿನ್ ಎಲ್ಲಾ ಮನೆಗೂ ಹೋಗಿ ಬಂದಳು.

ಒಮ್ಮೆ ಶಾಲೆಯ ವಿಳಾಸಕ್ಕೆ ಅವಳ ಕಾಗದ ಬಂತು. "ಅತ್ತಿಗೆ, ನನ್ನ ಹೆಸರು ಬರೆಯುವುದು ಬೇಡ. ಒಂದು ಪ್ರತಿ ಮಾತ್ರ ಕಳಿಸಿ. ನಾಲ್ಕನೇ ಪ್ರತಿ ಆದರೂ ಸಾಕು. ಅಮ್ಮ ಹೇಗಿದ್ದಾರೆ ಅಂತ ಅದರಲ್ಲಿ ಇರುತ್ತದಲ್ಲ." ನಾನು ಉತ್ತರ ಬರೆದೆ. ಬರೆದು, ಬ್ಯಾಗಿನಲ್ಲಿ ಒಂದು ವಾರ ಹೊತ್ತು ತಿರುಗಿ, ಮನೆಯಲ್ಲಿ ಗೊತ್ತಾದರೆ ಎಂದು ಹೆದರಿ, ಸ್ಟಾಫ್ ರೂಮಿನ ಹಿಂದೆ ಸುಟ್ಟೆ. ಅದೇ ವಾರ ಅತ್ತೆ ಬಾವಿಕಟ್ಟೆಯ ಹತ್ತಿರ ಮೆಲ್ಲಗೆ ಕೇಳಿದರು: "ಸೆವ್ರಿನ್‌ದು ಎಂತಾದರೂ ಕಾಗದ ಉಂಟಾ?" ಅತ್ತೆಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಬಹುದಿತ್ತು. "ಇಲ್ಲ ಅತ್ತೆ" ಎಂದೆ. ಅವರು ಕೊಡಪಾನ ಎತ್ತಿಕೊಂಡು ಹೋದರು. ಮತ್ತೆ ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಅತ್ತೆ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ತಂತಿ ಬರೆಯಲು ಮತ್ತೆ ನಾನೇ. ಅಂಚೆ ಕಚೇರಿಯ ಮರದ ಮೇಜಿನ ಮುಂದೆ ನಿಂತೇ ದೂರದ ಮನೆಗಳಿಗೆ ಹನ್ನೆರಡು ಫಾರಂ ತುಂಬಿಸಿದೆ. ಹದಿಮೂರನೆಯದಕ್ಕೆ ಹೈದರಾಬಾದಿನ ವಿಳಾಸ ಬರೆದೆ. ಪಕ್ಕದಲ್ಲಿ ನನ್ನ ಗಂಡ ಫೆಲಿಕ್ಸ್ ಇದ್ದರು. ಅವರಿಗೆ ಮುಳ್ಳೇರಿಯದಲ್ಲಿ ಮೊಳೆ, ತಗಡು, ಪೈಪಿನ ಅಂಗಡಿ. ಬಹಳ ಒಳ್ಳೆಯವರು, ಯಾರ ಮನಸ್ಸನ್ನೂ ನೋಯಿಸದವರು. ಆದ್ದರಿಂದ ಯಾರಿಗೂ ಉಪಯೋಗಕ್ಕೆ ಬಾರದವರು.

"ಅದು ಬೇಡ ಮಾರಾಯ್ತಿ," ಎಂದರು. "ಹೆಣ ಮನೆಯಲ್ಲಿ ಇರುವಾಗ ಗಲಾಟೆ ಆಗುವುದು ಬೇಡ. ಆಮೇಲೆ ಮೆಲ್ಲ ತಿಳಿಸುವ."

ಹರಿದೆ. ತಂತಿ ತಲುಪಿದ ಹನ್ನೆರಡು ಮನೆಗಳಿಂದ ಬಂದವರು ಇಬ್ಬರು. ರೋಜಿ ಆಂಟಿಗೆ ರೈಲು ಸಿಗಲಿಲ್ಲ, ಲ್ಯಾನ್ಸಿಗೆ ರಜೆ ಸಿಗಲಿಲ್ಲ, ಪಾದ್ರಿ ಬಾಪ್ಪು ಏಳನೇ ದಿನದ ಪೂಜೆಗೆ ಬಂದು ಕುಟುಂಬದ ಒಗ್ಗಟ್ಟಿನ ಬಗ್ಗೆ ಪ್ರಸಂಗ ಮಾಡಿದರು. ಉಳಿದವರ ಸಂತಾಪದ ತಂತಿಗಳು ಬಂದವು. ಎಲ್ಲದರಲ್ಲೂ ಅಂಚೆ ಇಲಾಖೆಯ ಒಂದೇ ಸಿದ್ಧ ವಾಕ್ಯ. ಒಗ್ಗಟ್ಟೆಂದರೆ ಅದೇ ಇರಬೇಕು.

ಮೂರು ವಾರ ಕಳೆದು ಒಂದು ಮಧ್ಯಾಹ್ನ ನಾನು ಶಾಲೆಯ ಜಗಲಿಯಲ್ಲಿ ಮಕ್ಕಳಿಗೆ ಗಂಜಿ, ಹೆಸರುಕಾಳು ಬಡಿಸುತ್ತಿದ್ದೆ. ಗೇಟಿನಲ್ಲಿ ಸೆವ್ರಿನ್ ನಿಂತಿದ್ದಳು. ಕೈಹಿಡಿದು ಆರು ವರ್ಷದ ಒಂದು ಹುಡುಗಿ, ಅತ್ತೆಯ ಮೂಗು.

"ಸಿಮಿತೇರಿಯಲ್ಲಿ ಅಮ್ಮನ ಗೋರಿಗೆ ಹೋಗಿ ಬಂದೆ ಅತ್ತಿಗೆ. ಮನೆಗೆ ಹೋಗುವುದಿಲ್ಲ, ಹೆದರಬೇಡಿ," ಎಂದಳು. ಮಗಳು ಮಕ್ಕಳ ಸಾಲಿನಲ್ಲಿ ಕೂತು ತಟ್ಟೆ ಚಾಚಿದಳು. ಬಡಿಸಿದೆ. ಕೈಗೆ ಒಂದು ಕೆಲಸ ಸಿಕ್ಕಿದ್ದೇ ಪುಣ್ಯ.

"ಹದಿನೇಳು ದಿನ ಆದ ಮೇಲೆ ಗೊತ್ತಾದದ್ದು," ಅವಳೇ ಮುಂದುವರಿಸಿದಳು. "ನಮ್ಮ ಊರಿನ ಒಬ್ಬಳು ಹೊಸತಾಗಿ ಕೆಲಸಕ್ಕೆ ಸೇರಿದ್ದಾಳೆ. ನಾನು ಇಂಜೆಕ್ಷನ್ ತುಂಬಿಸುತ್ತಾ ಇದ್ದೆ. 'ನಿಮ್ಮ ಅಮ್ಮನ ಮರಣಕ್ಕೆ ಎಷ್ಟು ಜನ ಇದ್ದರು ಗೊತ್ತುಂಟಾ ಸಿಸ್ಟರ್' ಅಂತ ಖುಷಿಯಲ್ಲಿ ಹೇಳಿದಳು. ನನಗೆ ಗೊತ್ತಿರಬಹುದು ಅಂತ ಅವಳು ಎಣಿಸಿದ್ದು." ಆಮೇಲೆ ಕೇಳಿದಳು: "ತಂತಿ ಯಾರು ಬರೆದದ್ದು?"

"ನಾನೇ."

"ಎಷ್ಟು?"

"ಹನ್ನೆರಡು. ನಿನ್ನದೂ ಬರೆದಿದ್ದೆ. ಹರಿದೆ."

ನನ್ನ ಪ್ರಾಮಾಣಿಕತೆಗೆ ಅವಳು ಸ್ವಲ್ಪವಾದರೂ ಕರಗುತ್ತಾಳೆ ಎಂದು ನಿರೀಕ್ಷಿಸಿದ್ದೆ. ಅವಳು ನನ್ನನ್ನೇ ನೋಡಿ, "ಅದನ್ನು ಯಾಕೆ ಹೇಳಿದಿರಿ ಅತ್ತಿಗೆ? ಮರೆತು ಹೋಯಿತು ಅಂತ ಹೇಳಿದ್ದರೆ ನನಗೆ ಸುಲಭ ಇತ್ತು" ಎಂದಳು. ಎರಡು ಗಂಟೆಯ ಬಸ್ಸಿಗೆ ಹೋದಳು. ಆ ಮಧ್ಯಾಹ್ನ ನಾಲ್ಕನೇ ಕ್ಲಾಸಿಗೆ ನಾನು ಹೇಳಿಕೊಟ್ಟ ಏಳರ ಮಗ್ಗಿ ಯಾವುದೋ ಬೇರೆ ಸಂಖ್ಯೆಯದು.

ಮುಂದಿನ ಮೊಂತಿ ಹಬ್ಬಕ್ಕೆ ನಾನು ಧೈರ್ಯ ಮಾಡಿದೆ. ಧೈರ್ಯ ಎಂದರೆ ದೊಡ್ಡದೇನಲ್ಲ. ಅಷ್ಟರಲ್ಲಿ ಮಾವನ ಕಣ್ಣಿಗೆ ಪೊರೆ ಬಂದಿತ್ತು, ಕಾಗದವನ್ನು ನಾನು ಓದಿ ಅವರು ಕೇಳಿ ಒಪ್ಪುವುದು ಪದ್ಧತಿಯಾಗಿತ್ತು. ಕಾರ್ಬನ್ ಹೋಗಿ ಕಾಸರಗೋಡಿನ ಝೆರಾಕ್ಸ್ ಬಂದಿತ್ತು. ಸೆವ್ರಿನ್, ಅವಳ ಗಂಡ, ಮಗಳು, ಮಗಳ ಶಾಲೆ: ಐದು ಸಾಲು ಬರೆದೆ. ಮಾವನಿಗೆ ಓದುವಾಗ ಆ ಐದು ಸಾಲು ಹಾರಿಸಿದೆ. "ದಾರಿ ತಪ್ಪಿದವರಿಗಾಗಿ" ಎಂಬ ವಾಕ್ಯವನ್ನು ಬರೆಯದೆಯೇ ಗಟ್ಟಿಯಾಗಿ ಓದಿದೆ. ಅವರು "ಆಮೆನ್" ಎಂದರು. ಬರೆಯುವಾಗ ಅವಳ ಗಂಡನ ಹೆಸರಿಗೆ ಮಾತ್ರ ಸ್ವಲ್ಪ ತಡವರಿಸಿದ್ದೆ. ನಮ್ಮ ಮನೆಯಲ್ಲಿ ಅವರ ಮಾತು ಎತ್ತಬೇಕಾಗಿ ಬಂದಾಗಲೆಲ್ಲ "ಆ ರೆಡ್ಡಿ" ಎನ್ನುತ್ತಿದ್ದರು. ಹಾಗಾಗಿ ಗೌರವ ಸೇರಿಸಿ "ಶ್ರೀ ರೆಡ್ಡಿಯವರು" ಎಂದು ಬರೆದೆ. ತೆನೆಯಿಂದ ಮೂರು ಕಾಳು ಹೆಚ್ಚಿಗೆ ಕಿತ್ತು, ಹದಿನೇಳನೆಯ ಲಕೋಟೆಗೆ ಹಾಕಿ ಅಂಚೆ ಡಬ್ಬಿಗೆ ನೂಕಿದೆ.

ಆಮೇಲೆ ಸಿಡಿಲಿಗೆ ಕಾದೆ. ಅಂಚೆಯವನ ಸೈಕಲ್ ಬೆಲ್ಲಿಗೆ ಎಲ್ಲರಿಗಿಂತ ಮೊದಲು ಅಂಗಳಕ್ಕೆ ಓಡುತ್ತಿದ್ದೆ. ಅಕ್ಟೋಬರಿನಲ್ಲಿ ಉತ್ತರಗಳು ಬರತೊಡಗಿದವು. ಪಾದ್ರಿ ಬಾಪ್ಪು: "ಕಾಗದ ಬಹಳ ಚೆನ್ನಾಗಿದೆ. ಜಪಮಾಲೆಯ ಸಮಯ ಏಳೂವರೆ ಮಾಡಿದರೆ ಹೇಗೆ?" ರೋಜಿ ಆಂಟಿ: "ನನ್ನ ಮಗನ ಪ್ರಮೋಷನ್ನಿಗೆ ಎರಡು ಸಾಲು. ಲ್ಯಾನ್ಸಿಯ ಕಾರಿಗೆ ನಾಲ್ಕು. ನಾನು ಎಣಿಸಿದ್ದೇನೆ." ಲ್ಯಾನ್ಸಿ: "ಕಾರಿನ ಬಣ್ಣ ನೀಲಿ ಅಲ್ಲ." ಅಷ್ಟೇ. ಹದಿನಾರು ಮನೆಗಳಲ್ಲಿ ಒಬ್ಬರೂ ಸೆವ್ರಿನ್ ಹೆಸರು ಎತ್ತಲಿಲ್ಲ. ಕೋಪದಿಂದಲ್ಲ, ಯಾರೂ ಅಲ್ಲಿಯವರೆಗೆ ಓದಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಸಾಲು ಹುಡುಕಿ, ಅಳತೆ ಮಾಡಿ, ಕಾಗದ ಮಡಚಿಟ್ಟಿದ್ದರು. ತಡೆಯಲಾಗದೆ ಫೆಲಿಕ್ಸರಿಗೆ ನಾನೇ ಹೇಳಿದೆ. ಅವರು ಪೈಪಿನ ಅಳತೆ ಬರೆಯುತ್ತಾ, "ಹೌದಾ? ಬರೆದಿದ್ದೀಯಾ? ಒಳ್ಳೆಯದಾಯಿತು ಬಿಡು" ಎಂದರು. ಎಂಟು ವರ್ಷ ನಾನು ಹೆದರಿದ್ದು ಯಾರಿಗೆ ಎಂದು ಆಗ ಯೋಚಿಸಿದೆ. ಇಲ್ಲದ ಓದುಗರಿಗೆ.

ಕಾಗದವನ್ನು ಪೂರ್ತಿ ಓದಿದ ಮನೆ ಒಂದೇ. ಅಲ್ಲಿಂದ ನವೆಂಬರಿನಲ್ಲಿ ಕಾರ್ಡ್ ಬಂತು. "ಅತ್ತಿಗೆ, ಮೂರೂ ಕಾಳು ಸಿಕ್ಕಿತು. ಹಾಲಿಗೆ ಹಾಕಿ ಕುಡಿದೆವು. ಒಂದು ತಿದ್ದುಪಡಿ ಉಂಟು. ಇವರು ರೆಡ್ಡಿ ಅಲ್ಲ, ಯಾವತ್ತೂ ಆಗಿರಲಿಲ್ಲ. ಹೈದರಾಬಾದಿನವರೂ ಅಲ್ಲ, ಬಳ್ಳಾರಿಯವರು. ಕನ್ನಡ ಶಾಲೆಯಲ್ಲಿ ಕಲಿತದ್ದು. ನನಗೆ ಕಣ್ಣಲ್ಲಿ ನೀರು ಬಂದು ಓದಲಿಕ್ಕೆ ಆಗಲಿಲ್ಲ. ಕೊಂಕಣಿ ಅರ್ಥ ಆಗದಿದ್ದರೂ ನಿಮ್ಮ ಕಾಗದವನ್ನು ಮೊದಲಿಂದ ಕೊನೆಯವರೆಗೆ ಮಗಳಿಗೆ ಗಟ್ಟಿಯಾಗಿ ಓದಿದ್ದು ಇವರೇ. ರೆಡ್ಡಿ ಅಂತ ಇದ್ದಲ್ಲಿಯೂ ನಿಲ್ಲಿಸದೆ ಓದಿದರು."

ಸರಿಯಾದ ಹೆಸರನ್ನು ಅವಳು ಬರೆದಿರಲಿಲ್ಲ. ನಾನೇ ಕೇಳಲಿ ಎಂದಿರಬೇಕು. ಕೇಳಿ ಒಂದು ಕಾರ್ಡ್ ಹಾಕಲು ನಾಚಿಕೆಯಿಂದ ನನಗೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಮುಂದಿನ ಹಬ್ಬಕ್ಕೆ ಹೆಸರು ತಿದ್ದಿ ಬರೆದೆ. ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಆ ಮನೆಯ ಹೆಣ್ಣುಮಗಳ ಗಂಡನೇ ಬದಲಾದರೂ ಅಷ್ಟೊಂದು ಭಕ್ತಿಯ ಹದಿನಾರು ಮನೆಗಳಲ್ಲಿ ಒಬ್ಬರೂ "ಇದೆಂತದು?" ಎಂದು ಕೇಳಲಿಲ್ಲ. ಮೊದಲು ನನಗೆ ಅವರ ಮೇಲೆ ನಗು ಬಂತು. ಆದರೆ ನಗಲು ನನಗೆ ಅಧಿಕಾರವಿರಲಿಲ್ಲ. ಅವರಾದರೂ ಓದದೆ ತಪ್ಪಿದವರು. ಬರೆದು ತಪ್ಪಿದವಳು ನಾನೊಬ್ಬಳೇ.